‘ಬಲ’ ಎಂದರೆ

ಕಾರು ಜೆಬೆಲ್ ಅಲಿಯ ಸ್ಮಶಾನದ ಕಡೆ ಹೊರಳುವ ಹೊತ್ತಿಗೆ ಪುರಂದರ ಫೋನನ್ನು ತೊಡೆಯ ಮೇಲೆ ಅಂಗೈ ಮರೆಯಲ್ಲಿ ಹಿಡಿದು, ಶನಿವಾರದ ಆ ಒಂದು ಕರೆಯನ್ನು ಅಳಿಸಿದ. ‘ಕೋಚ್, 4:12, ಒಂದು ನಿಮಿಷ ಹತ್ತು ಸೆಕೆಂಡು.’ ಹೆಬ್ಬೆರಳು ಒತ್ತಿದ್ದೇ ತಡ, ಮಾಯ. ಇದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ಅವನಿಗೂ ಗೊತ್ತಿತ್ತು. ಕರೆಗೆ ಎರಡು ತುದಿ. ಇನ್ನೊಂದು ತುದಿ ಸತ್ತವರ ಫೋನಿನಲ್ಲಿತ್ತು, ಆ ಫೋನು ಈಗ ಅವರ ಮಗಳ ಕೈಯಲ್ಲಿತ್ತು.

“ಎಂತ ಮಾರಾಯ, ಎಸಿ ಫುಲ್ ಇಟ್ಟಿದ್ದೇನೆ, ನೀನು ನೋಡಿದ್ರೆ ಬೆವರ್ತಾ ಇದ್ದೀಯಲ್ಲ,” ಎಂದ ಉಮರ್, ರಸ್ತೆಯಿಂದ ಕಣ್ಣು ತೆಗೆಯದೆ.

“ಎಂತ ಇಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಎಂತದೂ ಹಾಕ್ಲಿಲ್ಲ, ಅದಕ್ಕೆ.”

“ಪೊಲೀಸಿನವರು ಫೋನು, ವಾಚು ಎಲ್ಲ ನಿನ್ನೆ ಮಗಳಿಗೆ ವಾಪಸ್ ಕೊಟ್ರು. ನಾನೇ ಕರ್ಕೊಂಡು ಹೋದದ್ದಲ್ವಾ. ಫೋನಿನ ಲಾಕು ಅವಳು ಹುಟ್ಟಿದ ತಾರೀಕೇ ಅಂತೆ. ಒಂದೇ ಸಲಕ್ಕೆ ಓಪನ್ ಆಯ್ತು. ಅಲ್ಲಿಯೇ ಕೂತು ಅತ್ಳು, ಪಾಪ.”

“ಕೇಸು ಗೀಸು ಎಂತದಾದ್ರೂ...?”

“ಎಂತ ಕೇಸು? ಸ್ಟ್ರೋಕ್ ಆಗಿ ಸತ್ತದ್ದು. ಖಲಾಸ್. ಇನ್ನು ಮಗಳು ಕಂಪ್ಲೇಂಟ್ ಕೊಟ್ರೆ ಬೇರೆ ಮಾತು. ಯಾರ ಮೇಲೆ ಕೊಡ್ತಾಳೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪುರಂದರ ಹೆಗಲು ಮುಟ್ಟಿಕೊಳ್ಳಲಿಲ್ಲ, ಸೀಟ್ ಬೆಲ್ಟನ್ನು ಸುಮ್ಮನೆ ಸರಿಪಡಿಸಿಕೊಂಡ. ಹಿಂದಿನ ಸೀಟಿನಲ್ಲಿದ್ದ ಹೆಂಡತಿ ಚಂದ್ರಮತಿ ಕನ್ನಡಿಯೊಳಗಿಂದ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಅವಳ ಪಕ್ಕ ಕೂತಿದ್ದ ಹದಿನಾಲ್ಕರ ಮಗಳು ಸಮೀಕ್ಷಾಳಿಗೆ ಏನೂ ಗೊತ್ತಿರಲಿಲ್ಲ.

ಸಮೀಕ್ಷಾಳ ಮಡಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ತೋಳಿಗೆ ಕಟ್ಟುವ ನಲವತ್ತು ಕಪ್ಪು ಪಟ್ಟಿಗಳು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಎರಡಕ್ಷರ: ಬಲ. ಬರ್ ದುಬೈಯಲ್ಲಿ ಉಮರನ ಬಟ್ಟೆ ಅಂಗಡಿಗೆ ತಾಗಿದ ಪ್ರಿಂಟಿಂಗ್ ಕೋಣೆಯಲ್ಲಿ ಅಚ್ಚಾದದ್ದು.

“ಲೆಟರ್ಸ್ ಆರ್ ಸೋ ನೈಸ್, ಅಂಕಲ್,” ಎಂದಳು ಸಮೀಕ್ಷಾ. ಕನ್ನಡದಲ್ಲಿ ಅವಳಿಗೆ ಓದಲು ಬರುವುದು ಆ ಎರಡೇ ಅಕ್ಷರ, ಅದೂ ಈ ವಾರ ಕಲಿತದ್ದು.

“ಬಂಗಾಳಿ ಹುಡುಗನಿಗೆ ಸೀದ ಯಾವುದು ಉಲ್ಟಾ ಯಾವುದು ಗೊತ್ತಿಲ್ಲ ಮಗಾ. ನಾನು ಪಕ್ಕದಲ್ಲೇ ನಿಂತು ಮಾಡಿಸಿದ್ದು. ಕೋಚಿನ ಕೊನೆಯ ಮಾತಲ್ವಾ, ತಪ್ಪಾಗ್ಬಾರ್ದು.”

ಕೊನೆಯ ಮಾತು. ಅದನ್ನು ಊರಿಗೆಲ್ಲ ಸಾರಿದವನು ಬೇರೆ ಯಾರೂ ಅಲ್ಲ, ಪುರಂದರನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾನುವಾರ ಕೋಚ್ ಸತ್ತ ಸುದ್ದಿ ಬಂದಾಗ ಫುಟ್‌ಬಾಲ್ ಅಕಾಡೆಮಿಯ ವಾಟ್ಸಾಪ್ ಗುಂಪಿನಲ್ಲಿ ಅವನು ಅಳುತ್ತಲೇ ಬರೆದಿದ್ದ: ನಿನ್ನೆ ಮ್ಯಾಚಿಗೆ ಮುಂಚೆ ಕೋಚ್ ನನಗೆ ಫೋನ್ ಮಾಡಿ ‘ಬಲ’ ಅಂದಿದ್ದರು, ಅದೇ ಕೊನೆ. ಬೆಂಗಳೂರಿನ ಒಬ್ಬ ತಾಯಿ ಅದಕ್ಕೆ, ‘ಬಲ ಅಂದ್ರೆ ಶಕ್ತಿ! ಮಕ್ಕಳಿಗೆ ಎಂಥಾ ಸಂದೇಶ ಕೊಟ್ಟು ಹೋದ್ರು’ ಎಂದು ಕೈ ಮುಗಿದ ಚಿತ್ರ ಹಾಕಿದರು. ಅಲ್ಲಿಂದ ಆ ಮಾತು ಪುರಂದರನ ಕೈ ತಪ್ಪಿತು.

*

ಹದಿನೈದು ವರ್ಷದ ಹಿಂದೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಆಫೀಸಿತ್ತು. ಕಾಪುವಿನ ಪುರಂದರ ಅಲ್ಲಿ ಚಹಾ ಮಾಡುವವನು. ಹಾಲೆಂಡಿನಿಂದ ಯಾಪ್ ಟೆರ್ಪ್‌ಸ್ಟ್ರಾ ಎಂಬವರು ಕೋಚಾಗಿ ಬಂದರು. ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರ, ಬಿಸಿಲಿಗೆ ಕೆಂಪಾದ ಕುತ್ತಿಗೆ. ತಂಡ ಸಾಲಾಗಿ ಐದು ಪಂದ್ಯ ಸೋತಿತು. ಆರನೆಯ ವಾರ ಕ್ಲಬ್ಬಿನವರು ‘ಖಲಾಸ್’ ಅಂದರು. ಆ ದಿನ ಆಫೀಸಿನಲ್ಲಿ ಯಾರೂ ಅವರ ಮುಖ ನೋಡಲಿಲ್ಲ. ಪುರಂದರ ಒಬ್ಬನೇ ಒಂದು ಗ್ಲಾಸು ಚಹಾ ತಂದು ಮುಂದಿಟ್ಟ.

ಯಾಪ್ ಕೋಚ್ ಚಹಾ ಕುಡಿಯುತ್ತ ತಮ್ಮ ಇಡೀ ಆಟದ ಬದುಕನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿದರು. ಸಮುದ್ರದ ಬದಿಯ ಸಣ್ಣ ಊರು, ಹಸು ಸಾಕುವ ಅಪ್ಪ, ಎರಡನೆಯ ದರ್ಜೆಯ ಲೀಗಿನಲ್ಲಿ ಒಂಬತ್ತು ವರ್ಷ ಸ್ಟ್ರೈಕರ್. ದೊಡ್ಡ ಲೀಗಿನಲ್ಲಿ ಆಡಿದ್ದು ಒಟ್ಟು ಹನ್ನೆರಡು ನಿಮಿಷ. ಬದಲಿ ಆಟಗಾರನಾಗಿ ಇಳಿದರು, ಒಂದೇ ಒಂದು ಸಲ ಗೋಲಿಗೆ ಒದ್ದರು, ಚೆಂಡು ಕಂಬಕ್ಕೆ ಬಡಿಯಿತು. ಮುಂದಿನ ವಾರ ಮಂಡಿ ಹೋಯಿತು.

“ಮೂರು ಬೆರಳು ಈಚೆಗೆ ಬಂದಿದ್ದರೆ ನಾನು ಇಲ್ಲಿ ನಿನ್ನ ಚಹಾ ಕುಡಿಯುತ್ತಿರಲಿಲ್ಲ,” ಎಂದರು. ಅದನ್ನು ಬೇಸರದಲ್ಲಿ ಹೇಳಿದರೋ ಸಂತೋಷದಲ್ಲಿ ಹೇಳಿದರೋ ಪುರಂದರನಿಗೆ ತಿಳಿಯಲಿಲ್ಲ. ಆಮೇಲೆ ಗ್ಲಾಸು ಕೆಳಗಿಟ್ಟು ಕೇಳಿದರು. “ದುಬೈಗೆ ಹೋಗಿ ಮಕ್ಕಳಿಗೆ ಕಲಿಸುತ್ತೇನೆ. ನೀನು ಬರುತ್ತೀಯಾ?”

ಪುರಂದರ ಹೋದ. ಯಾಕೆ, ಎಷ್ಟು ದಿನಕ್ಕೆ, ಏನು ಕೆಲಸ ಎಂದು ಒಂದು ಮಾತೂ ಕೇಳಲಿಲ್ಲ. ಕರೆದರು, ಹೋದ.

ಅಲ್ ಕುಸೈಸಿನ ಬಾಡಿಗೆ ಮೈದಾನದಲ್ಲಿ ಅಕಾಡೆಮಿ ಶುರುವಾಯಿತು. ಕೋನು ಸಾಲಿಡುವುದು, ಚೆಂಡಿಗೆ ಗಾಳಿ ತುಂಬುವುದು, ನೀರಿನ ಬಾಟಲಿ ಹಿಡಿಯುವುದು ಪುರಂದರನ ಕೆಲಸ. ಅವನು ನಿಲ್ಲುತ್ತಿದ್ದದ್ದು ಯಾವಾಗಲೂ ಕೋಚಿನ ಬಲಕ್ಕೆ. ಹಿಂದೆ ಯಾವಾಗಲೋ ಎದುರಾಳಿಯ ಮೊಣಕೈ ಬಡಿದು ಅವರ ಎಡಗಿವಿ ಪೂರ್ತಿ ಕಿವುಡಾಗಿತ್ತು. ಎಡಕ್ಕೆ ನಿಂತು ಬೊಬ್ಬೆ ಹೊಡೆದರೂ ಕೇಳುತ್ತಿರಲಿಲ್ಲ. ಫೋನನ್ನೂ ಬಲಗೈಯಲ್ಲೇ ಹಿಡಿದು ಬಲಗಿವಿಗೇ ಇಡುತ್ತಿದ್ದರು.

ಮೈದಾನದಲ್ಲಿ ‘ರೈಟ್, ರೈಟ್’ ಎಂದು ಕೂಗಿದರೆ ಎದುರು ತಂಡದವರಿಗೂ ಗೊತ್ತಾಗುತ್ತದೆ. ಅದಕ್ಕೆ ಐದು ವರ್ಷದ ಹಿಂದೆ ಕೋಚ್ ಒಂದು ಉಪಾಯ ಹುಡುಕಿದರು. ಅಕಾಡೆಮಿಯ ಅರ್ಧಕ್ಕರ್ಧ ಮಕ್ಕಳು ಕರ್ನಾಟಕದವರು. ಪುರಂದರನಿಂದ ಎರಡು ಕನ್ನಡ ಶಬ್ದ ಕಲಿತರು: ಎಡ, ಬಲ. ಮೊದಲ ದಿನ ಅವರು ‘ಬಲ!’ ಎಂದು ಗುಡುಗಿದಾಗ ಮಕ್ಕಳೆಲ್ಲ ಬಲಕ್ಕೆ ಓಡಿದರು. ಒಂಬತ್ತು ವರ್ಷದ ಸಮೀಕ್ಷಾ ಮಾತ್ರ ಆಟ ಬಿಟ್ಟು ನೇರ ಓಡಿ ಬಂದು ಕೋಚಿನ ಎದುರು ನಿಂತಳು. ಪುರಂದರನ ಮನೆಮಾತು ತುಳು. ತುಳುವಿನಲ್ಲಿ ‘ಬಲ’ ಎಂದರೆ ‘ಬಾ’.

ವಿಷಯ ತಿಳಿದು ಕೋಚ್ ಹೊಟ್ಟೆ ಹಿಡಿದು ನಕ್ಕರು. “ಬಾ ಎನ್ನುವುದಕ್ಕೂ ಬಲಕ್ಕೂ ಒಂದೇ ಶಬ್ದವೇ! ಹಾಗಾದರೆ ನಿಮ್ಮವರು ಎಡಗಡೆ ಇದ್ದವನನ್ನು ಹೇಗೆ ಕರೆಯುತ್ತಾರೆ?”

ಆಮೇಲೆ ಅವರು ವಾರಕ್ಕೊಮ್ಮೆ ಪುರಂದರನ ಮನೆಗೆ ಊಟಕ್ಕೆ ಬರುವಾಗ ಬೆಲ್ ಒತ್ತುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ತಾವೇ ‘ಬಲ, ಬಲ’ ಎಂದು ಕೂಗುತ್ತಿದ್ದರು. “ನೆಂಟರೇ ಬಂದು ಮನೆಯವರನ್ನು ಬಾ ಅಂತ ಕರೀತಾರಲ್ಲ ಮಾರಾಯ್ರೆ,” ಎಂದು ಚಂದ್ರಮತಿ ನಗುತ್ತ ಬಾಗಿಲು ತೆಗೆಯುತ್ತಿದ್ದಳು. ಮೈದಾನದಲ್ಲಿ ಬಲ ಎಂದರೆ ಬಲಗಡೆ, ಮನೆಯಲ್ಲಿ ಬಲ ಎಂದರೆ ಬಾ. ಐದು ವರ್ಷ ಇವೆರಡು ಒಂದಕ್ಕೊಂದು ಬೆರೆತು ಯಾವ ತೊಂದರೆಯೂ ಆಗಲಿಲ್ಲ.

*

ಸ್ಮಶಾನದ ಗೇಟಿನ ಹತ್ತಿರ ಮಕ್ಕಳು, ತಂದೆತಾಯಂದಿರು ಆಗಲೇ ಸೇರಿದ್ದರು. ಗಾಳಿಗೆ ಮರಳು ಎದ್ದು ಕಣ್ಣಿಗೆ ಹೊಡೆಯುತ್ತಿತ್ತು. ಸಮೀಕ್ಷಾ ಪೆಟ್ಟಿಗೆ ಹಿಡಿದು ಓಡಾಡಿ ಎಲ್ಲರಿಗೂ ಪಟ್ಟಿ ಹಂಚಿದಳು. ಉಮರ್ ಒಂದನ್ನು ಎತ್ತಿಕೊಂಡು ಪುರಂದರನ ತೋಳು ಹಿಡಿದ.

“ಬಲಗೈ ಕೊಡು. ನೀನು ಅವರ ಬಲಗೈಯೇ ಅಲ್ವಾ.”

“ಬೇಡ ಮಾರಾಯ, ನನ್ಗೆ...”

“ಎಂತ ಬೇಡ? ನಿನ್ಗೆ ಹೇಳಿದ ಮಾತು, ನೀನೇ ಕಟ್ಟದಿದ್ರೆ ಹೇಗೆ?” ಎಂದು ಉಮರ್ ಗಂಟು ಬಿಗಿದ. ಆ ತೋಳು ತನ್ನದಲ್ಲವೆನ್ನುವಂತೆ ಪುರಂದರ ಅದನ್ನು ಮೈಯಿಂದ ದೂರ ಹಿಡಿದುಕೊಂಡ.

ಕೋಚಿನ ಮನೆಯಲ್ಲಿ ವಾರಕ್ಕೆರಡು ದಿನ ಕೆಲಸಕ್ಕೆ ಹೋಗುತ್ತಿದ್ದ ವೆರೋನಿಕಾ ಜಪಮಾಲೆ ಹಿಡಿದು ನೆರಳಲ್ಲಿ ನಿಂತಿದ್ದಳು. ಅವಳನ್ನು ಕಂಡು ಪುರಂದರ ಇನ್ನೊಂದು ಕಡೆಗೆ ಸರಿದ. ಸರಿದ ಕಡೆಯಲ್ಲೇ ಕೋಚಿನ ಮಗಳು ಅನ್ನೆಕೆ ಇದ್ದಳು. ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಅದೇ ಎತ್ತರ, ಅದೇ ಕೆಂಪು ಕುತ್ತಿಗೆ. ಕೈಯಲ್ಲಿ ಎರಡು ಫೋನು. ಒಂದರ ಗಾಜಿನ ಮೂಲೆ ಒಡೆದಿತ್ತು. ಆ ಬಿರುಕು ಪುರಂದರನಿಗೆ ಗೊತ್ತಿತ್ತು, ಮೈದಾನದಲ್ಲಿ ಅದು ಬಿದ್ದಾಗ ಎತ್ತಿ ಕೊಟ್ಟವನೇ ಅವನು.

“ಇಲ್ಲಿ ಪುರಾನ್ ಯಾರು?” ಎಂದು ಅವಳು ಇಂಗ್ಲಿಷಿನಲ್ಲಿ ಉಮರನನ್ನು ಕೇಳುತ್ತಿದ್ದಳು. ಪುರಂದರ ಎಂಬ ಹೆಸರು ಕೋಚಿನ ಬಾಯಲ್ಲಿ ಯಾವಾಗಲೂ ‘ಪುರಾನ್’ ಆಗುತ್ತಿತ್ತು.

ಪುರಂದರ ಗಂಡಸರ ಗುಂಪಿನೊಳಗೆ ನುಸುಳಿದ. ನಲವತ್ತೆಂಟು ವರ್ಷದ ಗಂಡಸು, ಲೆಕ್ಕ ಬರೆಯದೆ ಶಾಲೆಗೆ ಬಂದ ಹುಡುಗನ ಹಾಗೆ ಬೇರೆಯವರ ಬೆನ್ನಿನ ಹಿಂದೆ ಅಡಗಿದ. ಅವನಿಗೆ ನಾಚಿಕೆಯೂ ಆಯಿತು, ಆದರೆ ಹೆದರಿಕೆ ನಾಚಿಕೆಗಿಂತ ದೊಡ್ಡದಿತ್ತು. ಅಷ್ಟರಲ್ಲಿ ಪಾದ್ರಿಗಳು ಬಂದರು, ಶವಪೆಟ್ಟಿಗೆ ಬಂತು.

*

ಶನಿವಾರ ಬೆಳಿಗ್ಗೆ ಕೋಚ್ ಫೋನ್ ಮಾಡಿ, ತಲೆ ಭಾರವಾಗಿದೆ, ಜ್ವರ ಬರುವ ಹಾಗಿದೆ, ಹುಡುಗಿಯರ ಮ್ಯಾಚು ನೀನೇ ನೋಡಿಕೋ ಎಂದಿದ್ದರು.

“ಕೋಚ್, ಸಮೀಕ್ಷಾಳನ್ನು ಎಡಕ್ಕೆ ಹಾಕುವುದಾ, ಬಲಕ್ಕೆ ಹಾಕುವುದಾ?” ಎಂದು ಪುರಂದರ ಕೇಳಿದ್ದ.

“ಯೋಚನೆ ಮಾಡಿ ಫೋನ್ ಮಾಡುತ್ತೇನೆ.”

ಸಂಜೆ ನಾಲ್ಕು ದಾಟಿ ಹನ್ನೆರಡು ನಿಮಿಷಕ್ಕೆ ಆ ಫೋನು ಬಂತು. ಪುರಂದರ ಆಗ ಬಲೆಯ ಹಗ್ಗ ಬಿಗಿಯುತ್ತಿದ್ದ. ಸುತ್ತ ಹುಡುಗಿಯರ ಗಲಾಟೆ, ಪಕ್ಕದ ಮೈದಾನದಲ್ಲಿ ಸ್ಪೀಕರು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ.

“ಪುರಾನ್...” ಎಂದಿತು ಸ್ವರ. ಆಮೇಲೆ ತುಂಬ ಹೊತ್ತು ಬರೀ ಉಸಿರು. ಬಾಯಿಯಲ್ಲಿ ಬ್ರೆಡ್ಡು ಇಟ್ಟುಕೊಂಡು ಮಾತಾಡುತ್ತಿದ್ದಾರೆ ಎಂದುಕೊಂಡ ಪುರಂದರ. “ಬಲ.” ಮತ್ತೆ ಉಸಿರು. “ಬಲ... ಬಲ...”

“ಓಕೆ ಕೋಚ್, ಬಲ! ಅರ್ಥ ಆಯ್ತು, ಅರ್ಥ ಆಯ್ತು. ನೀವು ರೆಸ್ಟ್ ಮಾಡಿ,” ಎಂದು ಪುರಂದರ ಫೋನ್ ಇಟ್ಟ. ಮಗಳನ್ನು ಬಲಕ್ಕೆ ಹಾಕಿದ.

ಎರಡು–ಒಂದರಲ್ಲಿ ಗೆದ್ದರು. ಎರಡು ಗೋಲೂ ಬಲಗಡೆಯಿಂದ, ಎರಡೂ ಸಮೀಕ್ಷಾಳದ್ದು. ಸಂಭ್ರಮಕ್ಕೆ ಎಲ್ಲರೂ ಅಲ್ ಮುರಕ್ಕಬಾತಿಗೆ ಹೋಗಿ ಶವರ್ಮಾ ತಿಂದರು. ಕೋಚಿನ ಮನೆ ಅಲ್ಲಿಂದ ಎರಡು ಗಲ್ಲಿ ಆಚೆ. “ಕೋಚನ್ನ ನೋಡ್ಕೊಂಡು ಬರುವಾ ಅಂಕಲ್, ಪ್ಲೀಸ್,” ಎಂದಿದ್ದಳು ಉಮರನ ಮಗಳು ಮುಹ್ಸಿನಾ. ಮಕ್ಕಳೆಲ್ಲ ಎದ್ದು ನಿಂತಿದ್ದರು.

“ಬೇಡ ಮಕ್ಳೇ, ಜ್ವರ ಉಂಟು, ಮಲಗಿರ್ಲಿ. ನಾಳೆ ಹೋಗುವಾ,” ಎಂದವನು ಪುರಂದರ. ಗೆದ್ದ ತಂಡದ ಫೋಟೋ ಮಾತ್ರ ಕೋಚಿಗೆ ವಾಟ್ಸಾಪಿನಲ್ಲಿ ಕಳಿಸಿದ. ಎರಡು ಗೀಟು ಬಂತು, ನೀಲಿಯಾಗಲಿಲ್ಲ.

ಭಾನುವಾರ ಅವನಿಗೆ ದುಃಖವಿತ್ತು, ಹೆದರಿಕೆ ಇರಲಿಲ್ಲ. ಹೆದರಿಕೆ ಬಂದದ್ದು ಮಂಗಳವಾರ, ವೆರೋನಿಕಾ ಸಿಕ್ಕಿದ ಮೇಲೆ.

“ಸೋಫಾದ ಬುಡದಲ್ಲಿ ಬಿದ್ದಿದ್ರು ಪುರಂದರಣ್ಣ,” ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದ್ದಳು. “ಫೋನು ಎಡದ ಕೈಯಲ್ಲಿ, ಕಿವಿಯ ಹತ್ರವೇ ಗಟ್ಟಿ ಹಿಡ್ಕೊಂಡಿದ್ರು. ಬಲದ ಕಡೆ ಪೂರ್ತಿ ಬಿದ್ದುಹೋಗಿತ್ತಂತೆ. ಡಾಕ್ಟ್ರು ಹೇಳಿದ್ರಂತೆ, ಜೀವ ಹೋದದ್ದು ರಾತ್ರಿ ಹತ್ತರ ಹೊತ್ತಿಗೆ. ಯೇಸುವೇ, ಅಷ್ಟರೊಳಗೆ ಒಬ್ರಾದ್ರೂ ಹೋಗಿದ್ರೆ!”

ಪುರಂದರ ಮನೆಗೆ ಬಂದವನೇ ಬಚ್ಚಲಿನ ಬಾಗಿಲು ಹಾಕಿಕೊಂಡ. ಶವರ್ಮಾ ತಿಂದು ಎದ್ದಾಗ ಎಂಟೂವರೆ. ಎರಡು ಗಲ್ಲಿ ಆಚೆ ಅವರಿಗೆ ಇನ್ನೂ ಉಸಿರಿತ್ತು. ಅವರು ಹೇಳಿದ್ದು ಆಟದ ಮಾತಲ್ಲ. ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಮಾತು. ಬೊಬ್ಬೆ ಹಾಕಲು ಬಾಯಿ ಬಾರದವರು, ಇಂಗ್ಲಿಷೂ ನಾಲಿಗೆಗೆ ಹತ್ತದವರು, ಬಂದ ಒಂದೇ ಶಬ್ದದಲ್ಲಿ ಅವನನ್ನು ಕರೆದಿದ್ದರು. ದೆವ್ವವಾದರೆ ಒಂದೇ ಸಲ ಕರೆಯುತ್ತದೆ, ಮನುಷ್ಯನಾದರೆ ಮೂರು ಸಲ ಕರೆಯುತ್ತಾನೆ, ಮೂರನೆಯದಕ್ಕೆ ಓಗೊಡಬೇಕು ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಕೋಚ್ ಲೆಕ್ಕ ಇಟ್ಟವರಂತೆ ಮೂರು ಸಲ ಕರೆದಿದ್ದರು.

“ಹೇಳಿಬಿಡಿ ಕೋಚಿನ ಮಗಳಿಗೆ,” ಎಂದಿದ್ದಳು ಚಂದ್ರಮತಿ.

“ತಲೆ ಕೆಟ್ಟಿದೆಯಾ ನಿನ್ಗೆ? ಫೋನು ಬಂದ್ರೂ ಹೋಗದೆ ತಿಂದುಕೊಂಡು ಕೂತ ಅಂತ ಕಂಪ್ಲೇಂಟ್ ಕೊಟ್ರೆ? ಪಾಸ್‌ಪೋರ್ಟ್ ಹಿಡಿದಿಟ್ರೆ? ಸಮೀಕ್ಷಾಳ ಶಾಲೆ?”

“ಅದು ಮಾತ್ರವಾ ನಿಮ್ಗೆ ಹೆದರಿಕೆ?”

ಅದು ಮಾತ್ರವಲ್ಲ ಎಂದು ಅವನು ಹೇಳಲಿಲ್ಲ. ಮಂಗಳವಾರದಿಂದ ಫೋನು ರಿಂಗಾದರೂ, ಚಂದ್ರಮತಿ ಊಟಕ್ಕೆ ‘ಬಲೆ’, ಬನ್ನಿ, ಎಂದು ತುಳುವಿನಲ್ಲಿ ಕರೆದರೂ ಬೆಚ್ಚಿ ಬೀಳುತ್ತಿದ್ದ. ಮಗಳು ಕನ್ನಡಿಯ ಮುಂದೆ ನಿಂತು ಆ ಪಟ್ಟಿ ಕಟ್ಟಿಕೊಂಡು, ‘ಕೋಚ್ಸ್ ಲಾಸ್ಟ್ ವರ್ಡ್ ವಾಸ್ ಫಾರ್ ಮೀ’ ಎಂದು ಗೆಳತಿಗೆ ವಿಡಿಯೋದಲ್ಲಿ ಹೇಳುವುದನ್ನು ಕೇಳಿದಾಗ ಎಲ್ಲಕ್ಕಿಂತ ಹೆಚ್ಚು ಹೆದರಿದ.

*

ಪೆಟ್ಟಿಗೆ ಗುಂಡಿಗೆ ಇಳಿಯಿತು. ಒಬ್ಬೊಬ್ಬರೇ ಬಂದು ಹಿಡಿ ಮರಳು ಹಾಕಿದರು. ಪುರಂದರನ ಸರದಿ ಬಂದಾಗ ಅವನ ಹಿಡಿಯೊಳಗಿನ ಮರಳು ಪೆಟ್ಟಿಗೆಯ ಮೇಲೆ ಬೀಳುವ ಮೊದಲೇ ಗಾಳಿಗೆ ಹಾರಿಹೋಯಿತು. ಕೆಲಸದವರು ಗುಂಡಿ ಮುಚ್ಚಿ, ದಿಬ್ಬ ಮಾಡಿ, ತಲೆಯ ಕಡೆಗೆ ಹೆಸರು ಬರೆದ ಸಣ್ಣ ಹಲಗೆ ನೆಟ್ಟರು. ಜನ ನೀರಿನ ಬಾಟಲಿ ಇಟ್ಟಿದ್ದ ನೆರಳಿನ ಕಡೆಗೆ ಚದುರಿದರು.

ಮುಗಿಯಿತು, ಇನ್ನು ಕಾರು ಹತ್ತಿದರೆ ಆಯಿತು ಎಂದು ಪುರಂದರ ಹೊರಡುವಷ್ಟರಲ್ಲಿ ಸಮೀಕ್ಷಾ ಅನ್ನೆಕೆಯ ಕೈ ಹಿಡಿದು ಎಳೆದುಕೊಂಡು ಬಂದೇ ಬಿಟ್ಟಳು.

“ದಿಸ್ ಇಸ್ ಮೈ ಪಪ್ಪ. ಹಿ ಇಸ್ ಪುರಾನ್!”

ಅನ್ನೆಕೆ ಅವನನ್ನು ನೋಡಿದಳು. ಅವನು ಅವಳ ಕೈಯಲ್ಲಿದ್ದ ಒಡೆದ ಫೋನನ್ನು ನೋಡಿದ.

“ಅಪ್ಪ ಕೊನೆಗೆ ಮಾತಾಡಿದ್ದು ನಿಮ್ಮ ಜೊತೆ,” ಎಂದಳು ಅವಳು ಇಂಗ್ಲಿಷಿನಲ್ಲಿ, ಮೆಲ್ಲಗೆ. “ಈ ಹುಡುಗಿ ಎಲ್ಲ ಹೇಳಿದಳು. ಬಲ ಎಂದರೆ ಬಲಗಡೆ ಅಂತೆ, ಶಕ್ತಿ ಅಂತಲೂ ಅರ್ಥವಂತೆ. ಕಲ್ಲು ಮಾಡಿಸುವಾಗ ಅದನ್ನೇ ಕೆತ್ತಿಸಬೇಕು ಅಂತಿದ್ದೇನೆ. ನೀವು ಒಮ್ಮೆ ಸರಿಯಾಗಿ ಹೇಳಿ, ಬಲ ಎಂದರೆ ಏನು?”

ಹೌದು, ಅದೇ ಅರ್ಥ ಎಂದರೆ ಮುಗಿಯುತ್ತಿತ್ತು. ಒಂದು ಮಾತು. ಅವಳು ನಾಳೆ ವಿಮಾನ ಹತ್ತುತ್ತಾಳೆ. ಮಗಳ ಎರಡು ಗೋಲು ಮಗಳ ಬಳಿಯೇ ಉಳಿಯುತ್ತದೆ. ಆದರೆ ಪುರಂದರನ ಕಣ್ಣಿಗೆ ಆ ಕಲ್ಲು ಕಂಡಿತು. ಕಲ್ಲಿನ ಮೇಲೆ ‘ಬಲ’. ಊರಿನವರು ಯಾರೇ ಇತ್ತ ಬಂದರೂ ಗೋರಿಯೊಳಗಿಂದ ಕರೆಯುವ ಶಬ್ದ, ಬಾ, ಬಾ ಎಂದು ಹಗಲೂ ರಾತ್ರಿ.

“ಮೇಡಂ, ಕಲ್ಲಿನ ಮೇಲೆ ಬರೆಸಬೇಡಿ.” ತನ್ನ ಹರಕು ಇಂಗ್ಲಿಷಿನಲ್ಲಿ ಅವನು ಒಂದೊಂದೇ ಪದ ಹೊರಗೆಳೆದ. “ಕನ್ನಡದಲ್ಲಿ ರೈಟ್. ನನ್ನ ಮನೆಯ ಭಾಷೆ ಬೇರೆ. ತುಳು. ಅದರಲ್ಲಿ ಬಲ ಅಂದರೆ ಬಾ. ನಿಮ್ಮ ಅಪ್ಪನಿಗೆ ಎರಡೂ ಗೊತ್ತಿತ್ತು. ಅವರು ನನ್ನನ್ನು ಕರೆದರು. ಮೂರು ಸಲ ಕರೆದರು. ನಾನು ಆಟದ ವಿಷಯ ಅಂದುಕೊಂಡೆ. ನಾನು ಹೋಗಲಿಲ್ಲ.”

“ಪಪ್ಪಾ, ನೋ,” ಎಂದಳು ಸಮೀಕ್ಷಾ. ಅಪ್ಪನನ್ನು ನೋಡಿದಳು, ತನ್ನ ತೋಳಿನ ಪಟ್ಟಿಯನ್ನು ನೋಡಿದಳು. ಆಮೇಲೆ ಹಿಂದೆ ಹಿಂದೆ ಹೆಜ್ಜೆಯಿಟ್ಟು, ತಿರುಗಿ ಅಮ್ಮನ ಕಡೆಗೆ ಓಡಿದಳು.

“ಪೊಲೀಸರಿಗೆ ಹೇಳುವುದಿದ್ದರೆ ಹೇಳಿ,” ಎಂದ ಪುರಂದರ. “ರಾತ್ರಿ ಹತ್ತರವರೆಗೆ ಸಮಯ ಇತ್ತು. ಎಂಟೂವರೆಗೆ ನಾವು ಅವರ ಮನೆಯ ಹತ್ತಿರವೇ ಇದ್ದೆವು. ಮಕ್ಕಳು ನೋಡಿಕೊಂಡು ಬರುವ ಅಂದರು. ಬೇಡ ಅಂದವನೂ ನಾನೇ.”

ಅನ್ನೆಕೆಯ ಬಾಯಿ ಕೋಪಕ್ಕೆ ಬಿಗಿದದ್ದು ಅವನಿಗೆ ಕಂಡಿತು, ಸರಿಯಾಗಿಯೇ ಇದೆ ಎನಿಸಿತು. ಆಮೇಲೆ ಅವಳು ಒಡೆದ ಫೋನಿನ ಬೀಗ ತೆಗೆದು ಅವನ ಮುಂದೆ ಹಿಡಿದಳು. ಅವನು ಕಾರಿನಲ್ಲಿ ಅಳಿಸಿದ್ದ ಕರೆ ಅಲ್ಲಿ ಹಾಗೆಯೇ ಇತ್ತು. ಅದರ ಕೆಳಗೆ, ಅದಕ್ಕಿಂತ ಮೊದಲು ಮಾಡಿದ ಮೂರು ಕರೆ. 4:03, 4:06, 4:09. ಮೂರಕ್ಕೂ ‘ಅನ್ನೆಕೆ’ ಎಂದೇ ಹೆಸರು. ಮೂರಕ್ಕೂ ಉತ್ತರವಿಲ್ಲ.

“ನಾನು ಆಫೀಸಿನಲ್ಲಿದ್ದೆ. ಶನಿವಾರವೂ ಕೆಲಸ,” ಎಂದಳು. “ಹೆಸರು ನೋಡಿದೆ. ಮತ್ತೆ ಆ ಹುಡುಗಿಯರ ಫುಟ್‌ಬಾಲ್ ಕತೆಯೇ ಇರಬೇಕು ಅಂತ ಫೋನನ್ನು ಬೋರಲು ಹಾಕಿದೆ. ನಿನ್ನೆಯಿಂದ ನಿಮ್ಮನ್ನು ನೋಡುವುದಕ್ಕೆ ನನಗೆ ಹೆದರಿಕೆಯಾಗಿತ್ತು. ಮಗಳು ಫೋನು ಎತ್ತುತ್ತಿಲ್ಲ ಅಂತ ಅವರು ನಿಮಗೆ ಹೇಳಿರಬಹುದು ಎಂದು.”

“ಇಲ್ಲ. ಹಾಗೆ ಏನೂ ಹೇಳಲಿಲ್ಲ.”

“ನೀವು ಅವರಿಗೆ ಏನೆಂದಿರಿ?”

“ಓಕೆ ಕೋಚ್, ಅರ್ಥ ಆಯ್ತು ಅಂದೆ. ರೆಸ್ಟ್ ಮಾಡಿ ಅಂದೆ.”

ಅವಳು ಮೂಗು ಒರೆಸಿಕೊಂಡಳು. “ಅದು ಅವರಿಗೆ ಕೇಳಿಸಿತಾ?”

ಪುರಂದರ ಬಾಯಿ ತೆರೆದ. ಆಗಲೇ ಅವನಿಗೆ ಅದು ಹೊಳೆದದ್ದು, ಮಂಗಳವಾರದಿಂದ ಇಷ್ಟು ಹೆದರಿದ್ದರೂ ಹೊಳೆಯದೇ ಇದ್ದದ್ದು. ಫೋನು ಎಡಗೈಯಲ್ಲಿತ್ತು. ಎಡಗಿವಿಯ ಹತ್ತಿರ ಇತ್ತು. ‘ಅರ್ಥ ಆಯ್ತು’ ಎಂದದ್ದೂ ‘ರೆಸ್ಟ್ ಮಾಡಿ’ ಎಂದದ್ದೂ ಆ ಕಿವಿಗೆ ಕೇಳಿರಲು ಸಾಧ್ಯವೇ ಇಲ್ಲ. ಅವರು ಮೂರು ಸಲ ಕರೆದು, ಈ ಕಡೆ ಏನಾಯಿತೆಂದು ತಿಳಿಯದೆ, ಪುರಾನ್ ಬರುತ್ತಾನೆ, ಈಗ ಬರುತ್ತಾನೆ ಎಂದು ಬಾಗಿಲು ನೋಡುತ್ತ ಹತ್ತು ಗಂಟೆಯವರೆಗೆ ಕಾದಿರಬೇಕು.

“ಕೇಳಿಸಿತು,” ಎಂದ.

ಅನ್ನೆಕೆ ತಲೆಯಾಡಿಸಿದಳು. ಅವನ ಕೈ ಕುಲುಕಲಿಲ್ಲ, ಬಯ್ಯಲೂ ಇಲ್ಲ. ಎರಡೂ ಫೋನನ್ನು ಚೀಲಕ್ಕೆ ಹಾಕಿಕೊಂಡು ನೆರಳಿನ ಕಡೆಗೆ ನಡೆದಳು.

ಕಾರುಗಳು ಒಂದೊಂದಾಗಿ ಹೊರಟವು. ಉಮರ್ ಎಂಜಿನ್ ಚಾಲೂ ಮಾಡಿ, “ಯಲ್ಲಾ ಮಾರಾಯ, ಟ್ರಾಫಿಕ್ ಶುರು ಆಗ್ತದೆ,” ಎಂದು ಕೈ ಬೀಸಿದ. ಹಿಂದಿನ ಸೀಟಿನಲ್ಲಿ ಸಮೀಕ್ಷಾ ಆಚೆ ಮುಖ ಮಾಡಿ ಕೂತಿದ್ದಳು. ಪಟ್ಟಿ ಬಿಚ್ಚಿರಲಿಲ್ಲ, ಅದರ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದಳು. ಚಂದ್ರಮತಿ ಗೇಟಿನವರೆಗೆ ಬಂದು ಗಂಡನ ಜೊತೆ ಹೆಜ್ಜೆ ಹಾಕಿದಳು.

“ಹೇಳಿದ್ರಾ?”

“ಹೇಳಿದೆ.”

“ಒಳ್ಳೇದಾಯ್ತು. ಇನ್ನು ಸೀದ ಬನ್ನಿ. ಸ್ಮಶಾನ ಬಿಡುವಾಗ ಹಿಂದೆ ತಿರುಗಿ ನೋಡ್ಬಾರ್ದು, ನೆನಪುಂಟಲ್ಲ?”

ನೆನಪಿತ್ತು. ಅಪ್ಪ ಸತ್ತಾಗ ಕಾಪುವಿನಲ್ಲಿ ಹಿರಿಯರು ಅವನ ಹೆಗಲು ಹಿಡಿದು ಮುಂದೆ ನೂಕಿದ್ದರು. ತಿರುಗಿದರೆ ಹೋದವರು ಜೊತೆಗೆ ಬರುತ್ತಾರೆ ಎನ್ನುತ್ತಾರೆ. ಪುರಂದರ ಹತ್ತು ಹೆಜ್ಜೆ ನಡೆದ. ಹನ್ನೊಂದನೆಯದಕ್ಕೆ ನಿಂತ. ತಿರುಗಿದ.

ಚಂದ್ರಮತಿ ಕರೆಯಲು ಬಾಯಿ ತೆರೆದವಳು ಕರೆಯದೆ ಸುಮ್ಮನಾದಳು.

ಪುರಂದರ ಬೇಗ ಬೇಗ ನಡೆದು ದಿಬ್ಬದ ಹತ್ತಿರ ಬಂದ. ಯಾರೂ ಇರಲಿಲ್ಲ. ಹಲಗೆಗೆ ಮುಖ ಮಾಡಿ ಅಭ್ಯಾಸಬಲದಿಂದ ಬಲಕ್ಕೆ ಹೋಗಿ ನಿಂತ. ನಿಂತ ಮೇಲೆ ತಪ್ಪು ತಿಳಿಯಿತು. ಮಲಗಿದವರ ಬಲ ನಿಂತವರಿಗೆ ಎಡ. ಇದು ಕಿವುಡು ಕಿವಿಯ ಬದಿ. ಅವನು ದಿಬ್ಬವನ್ನು ಸುತ್ತಿಕೊಂಡು ಆಚೆ ಬದಿಗೆ ಹೋದ. ಹಲಗೆಯ ಹತ್ತಿರ ಮಂಡಿಯೂರಿದ. ಎರಡು ಕೈಯನ್ನೂ ಮರಳಿಗೆ ಊರಿ, ನೆಲಕ್ಕೆ ಬಾಯಿ ತಾಗುವಷ್ಟು ಬಗ್ಗಿದ.

“ಬತ್ತೆ ಕೋಚ್,” ಎಂದ ತುಳುವಿನಲ್ಲಿ. “ಬಂದೆ.”